ನಿಜ್ವಾದ ಕೋವಿಯೂ ನನ್ನ ಭಾವನ ಹುಣಸೆಹುಳಿಯೂ

ಡೊಂಬಿವಲಿ

ತುಕ್ಕು ಹಿಡಿದ ಹಳೆಯ ಕೋವಿ ನಿಮ್ಮ ಕೈಗೆ ಸಿಕ್ಕಿದರೆ ದಯವಿಟ್ಟು ಅದನ್ನು ತೊಳೆಯಬೇಡಿ. ಉಜ್ಜಬೇಡಿ. ಬಿಸಿಲಿಗೆ ಇಡಬೇಡಿ. ಕಕ್ಕಸು ತೊಳೆಯುವ ಆಸಿಡ್ಡನ್ನಂತೂ ಅದರ ಹತ್ತಿರ ತರಬೇಡಿ. ಒಣಬಟ್ಟೆಯಲ್ಲಿ ಸುತ್ತಿ ತಿಳಿದವರ ಬಳಿ ಒಯ್ಯಿರಿ. ತಿಳಿದವರು ಸಿಗದಿದ್ದರೆ ಹಾಗೇ ಬಿಡಿ. ತುಕ್ಕು ನೂರು ವರ್ಷದಲ್ಲಿ ಮಾಡಲಾರದ ಹಾಳನ್ನು ಮನುಷ್ಯ ಒಂದು ಮಧ್ಯಾಹ್ನದಲ್ಲಿ ಮಾಡುತ್ತಾನೆ.

ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಒಮಾನಿನಿಂದ ಬಂದು ಇಷ್ಟು ದಿನವಾದರೂ ಅದು ಇಳಿದಿಲ್ಲ. ನಮ್ಮ ಕನ್ನಡ ಸಂಘದವರು "ಪ್ರವಾಸದ ಬಗ್ಗೆ ಬರೆದುಕೊಡಿ, ಸಮುದ್ರ, ಕೋಟೆ, ಮರುಭೂಮಿ ಎಲ್ಲ ಬರಲಿ" ಎಂದರು. ಸಮುದ್ರವನ್ನು ವಿಮಾನದಿಂದ ನೋಡಿದೆ, ಕೋಟೆಯನ್ನು ಕಾರಿನ ಕಿಟಕಿಯಿಂದ ನೋಡಿದೆ, ಮರುಭೂಮಿಯನ್ನು ನೋಡಲೇ ಇಲ್ಲ. ಸರಿಯಾಗಿ ನೋಡಿದ್ದು ಎರಡೇ: ಒಂದು ಕೋವಿ, ಮತ್ತೆ ನನ್ನ ಹೆಂಡತಿಯ ಅಣ್ಣ.

ನನ್ನನ್ನು ಅರಿಯದವರಿಗೆ ಎರಡು ಮಾತು. ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಹಳೆಯ ಸಾಮಾನಿನ ಅಂಗಡಿ ಇದೆ. ಕುಂದಾಪುರದ ಕಡೆಯಿಂದ ಬಂದು ಕಲ್ಯಾಣದ ಹೋಟೆಲಿನಲ್ಲಿ ಲೋಟ ತೊಳೆದವನು ನಾನು. ಇವತ್ತು ಕೆಡವುತ್ತಿರುವ ಹಳೆಯ ವಾಡೆ ಮನೆಗಳ ಬಾಗಿಲು, ಗಡಿಯಾರ, ಹಿತ್ತಾಳೆ ದೀಪ ಎಲ್ಲ ಕೊಂಡು ಮಾರುತ್ತೇನೆ. ಯಾರೂ ಕಲಿಸಲಿಲ್ಲ, ಯಾರೂ ಕೈಹಿಡಿದು ಕೂರಿಸಲಿಲ್ಲ. ಮಾರದೆ ಇಟ್ಟುಕೊಳ್ಳುವುದು ಕೋವಿಗಳನ್ನು ಮಾತ್ರ. ನಳಿಗೆಯ ಬಾಯಿಂದ ಮದ್ದು ತುಂಬುವ ಕಾಲದವು. ಒಂದೂ ಹಾರುವುದಿಲ್ಲ, ಎಲ್ಲದರ ಕಾಗದ ಸರಿಯಾಗಿದೆ, ಪೊಲೀಸ್ ಠಾಣೆಯವರಿಗೆ ನನ್ನ ಮುಖ ಗೊತ್ತು. ಕಾಗದವಿಲ್ಲದ ಕೋವಿಯನ್ನು ಪುಕ್ಕಟೆ ಕೊಟ್ಟರೂ ಮನೆಯೊಳಗೆ ತರಬೇಡಿ, ಇದೂ ನನ್ನ ಸಲಹೆ.

ಅಂಗಡಿಯಲ್ಲಿ ಸಾಮಾನು ಎತ್ತಿಡಲು ವಿಜಯಪುರದ ಶರಣಪ್ಪ ಇದ್ದಾನೆ. ಅವನಿಗೆ ಈ ಹುಚ್ಚು ಅರ್ಥವಾಗುವುದಿಲ್ಲ. "ಸಾಹೇಬ್ರ, ಇವನ್ನ ಗುಜರಿಗಿ ಹಾಕಿದ್ರ ನಾಕ್ ದಿನದ ಚಾ ಆಕ್ಕೈತಿ. ಹಂಗ ಇಟ್ರ ಧೂಳ್ ಒರಸಾಂವ ನಾ" ಎನ್ನುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಧೂಳು ಒರೆಸಿ ಸುಮ್ಮನಾಗುತ್ತಾನೆ. ಸಿಟ್ಟು ಬರುವುದು ಠಾಣೆ ನಗರದ ಘೋಡಬಂದರ್ ರಸ್ತೆಯ ಆ ಎತ್ತರದ ಕಟ್ಟಡಗಳವರ ಮೇಲೆ. ಅಲ್ಲಿ ಒಬ್ಬರು ಅಜ್ಜನ ಕೋವಿಗೆ ಆಸಿಡ್ ಸುರಿದು, ಉಜ್ಜುವ ಚಕ್ರಕ್ಕೆ ಹಿಡಿಸಿ, ಸೋಫಾದ ಮೇಲಿನ ಗೋಡೆಗೆ ತೂಗುಹಾಕಿ, ಅದಕ್ಕೆ ಬೇರೆ ದೀಪ ಬಿಟ್ಟು, ಹೇಗಿದೆ ಎಂದು ನನ್ನನ್ನು ಕರೆದು ತೋರಿಸಿದರು. ಬಚ್ಚಲಿನಲ್ಲಿ ಟವೆಲ್ ಹಾಕುವ ಸರಳಿನ ಹಾಗಿದೆ ಎಂದೆ. ಆಮೇಲೆ ಅವರ ಮನೆಯಲ್ಲಿ ಚಹಾ ಸಿಗಲಿಲ್ಲ.

ವಾಶಿ

ಒಮಾನಿನವರು ಚಿಕಿತ್ಸೆಗೆಂದು ನವಿ ಮುಂಬೈಗೆ ಬರುವುದು ನಿಮಗೆ ಗೊತ್ತೇ ಇದೆ. ಬಿಳಿ ನಿಲುವಂಗಿ, ಕಸೂತಿಯ ಟೋಪಿ ಹಾಕಿಕೊಂಡು ವಾಶಿಯ ರಸ್ತೆಬದಿಯಲ್ಲಿ ಎಳನೀರು ಕುಡಿಯುತ್ತಾ ನಿಂತಿರುತ್ತಾರೆ. ಖಲ್ಫಾನ್ ಹಾಗೆ ಬಂದವರು. ಮೊಣಕಾಲಿನ ಆಪರೇಷನ್ ಮುಗಿಸಿ, ವೈದ್ಯರು ನಡೆಯಬೇಕು ಎಂದಿದ್ದಾರೆಂದು ಊರೆಲ್ಲ ಸುತ್ತುತ್ತಿದ್ದರು. ಅವರು ಉಳಿದುಕೊಂಡಿದ್ದ ಲಾಡ್ಜಿನ ಮಾಲೀಕ ನನ್ನ ಪರಿಚಯದವನು. ಅವನು ಹೇಳಿದ್ದರಿಂದ ಒಂದು ದಿನ ಟ್ಯಾಕ್ಸಿ ಮಾಡಿಕೊಂಡು, ಕೋಲೂರಿಕೊಂಡು ನನ್ನ ಅಂಗಡಿಗೆ ಬಂದರು. ಮಸ್ಕತ್ತಿನ ಮುಂಬೈ ವ್ಯಾಪಾರಿಗಳಿಂದ ಕಲಿತ ಹಿಂದಿ ಅವರದು, ನನ್ನದಕ್ಕಿಂತ ಮೃದು.

ಅಂಗಡಿಯಲ್ಲಿ ಆಗ ಒಂದು ಕೋವಿಯ ನಳಿಗೆ ಎಣ್ಣೆಯ ತೊಟ್ಟಿಯಲ್ಲಿ ಮಲಗಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಇದಕ್ಕೆ ಏನು ಮಾಡುತ್ತಿದ್ದೀಯ, ಭಾಯಿ?"

"ಏನೂ ಮಾಡುತ್ತಿಲ್ಲ. ಎಣ್ಣೆ ಕುಡಿಯಲಿ ಅಂತ ಬಿಟ್ಟಿದ್ದೇನೆ."

"ಎಲ್ಲಿಯವರೆಗೆ?"

"ಅದು ಸಾಕು ಅನ್ನುವವರೆಗೆ."

ಅವರು ನಕ್ಕರು. ಆಮೇಲೆ ಕೂತು ತಮ್ಮ ತಂದೆಯ ಕೋವಿಯ ಕಥೆ ಹೇಳಿದರು. ಬತ್ತಿಯಿಂದ ಬೆಂಕಿ ಕೊಡುವ ಉದ್ದ ನಳಿಗೆಯ ಕೋವಿ. ಮನೆಯ ಪ್ರತಿ ಮದುವೆಯಲ್ಲೂ, ವರನ ಕಡೆಯವರು ಹೊರಡುವ ಮುನ್ನ, ಬರಿ ಮದ್ದು ತುಂಬಿ ಆಕಾಶಕ್ಕೆ ಒಂದು ಸಲ ಹಾರಿಸುತ್ತಿದ್ದರು. ಖಲ್ಫಾನರ ಮದುವೆಗೂ ಹಾರಿಸಿದ್ದರು. ತಂದೆ ತಮ್ಮ ಹೆಸರನ್ನು ಚಾಕುವಿನ ಮೊನೆಯಿಂದ ನಳಿಗೆಯ ಮೇಲೆ ಗೀಚಿದ್ದರು. ಅವರ ಕೈಬರಹವೆಂದು ಲೋಕದಲ್ಲಿ ಉಳಿದದ್ದು ಅದೊಂದೇ. ಹಿಂದೊಮ್ಮೆ ಹಳ್ಳ ಉಕ್ಕಿ ಹಳೆಯ ಮಣ್ಣಿನ ಮನೆಗೆ ಕೆಸರು ನುಗ್ಗಿದಾಗ ಕೋವಿ ಅದರಡಿ ಹೂತುಹೋಯಿತು. ಸಿಕ್ಕಾಗ ಪೂರ್ತಿ ತುಕ್ಕು. ಹೆಸರು ಮಾತ್ರ ಬೆರಳಿಗೆ ಇನ್ನೂ ಸಿಗುತ್ತದೆ.

"ಕಿರಿಯ ಮಗ ಹಮದ್‌ನ ಮದುವೆ ಇದೆ. ನೀನು ಬಂದು ನೋಡು" ಎಂದರು.

ನಾನು ಯಾರ ಮಾತಿಗೂ ಸುಲಭಕ್ಕೆ ಒಪ್ಪುವವನಲ್ಲ. ಇದಕ್ಕೆ ಒಪ್ಪಿದೆ. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಮನೆಯಲ್ಲಿ ಸುಮತಿ, "ಸಕ್ಕರೆ ಕಾಯಿಲೆ ಇಟ್ಕೊಂಡು ಒಬ್ಬರೇ ಹೋಗುದು ಬೇಡ. ಅಣ್ಣನನ್ನು ಕರ್ಕೊಂಡು ಹೋಗಿ. ಅವ ಎಲ್ಲಿಗೂ ಹೋದವನಲ್ಲ" ಎಂದಳು. ಹೆಂಡತಿಯೊಂದಿಗೆ ಚೌಕಾಸಿ ನಡೆಯುವುದಿಲ್ಲ. ಜಯಕರ ಭಾವ ಹೊರಟರು.

ಮಸ್ಕತ್

ಭಾವ ಕಲ್ಯಾಣದಲ್ಲಿ ಹೋಟೆಲು ನಡೆಸಿ ಈಗ ಗಲ್ಲಾ ಬಿಟ್ಟುಕೊಟ್ಟವರು. ಒಳ್ಳೆಯ ಮನುಷ್ಯ. ಕೊಳಕು ಪಾತ್ರೆ ಕಂಡರೆ ಮಾತ್ರ ಅವರಿಗೆ ಜೀವ ನಿಲ್ಲುವುದಿಲ್ಲ. ಬೇರೆಯವರ ಹೋಟೆಲಿಗೆ ಹೋದರೂ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ತಮ್ಮ ಕರವಸ್ತ್ರದಿಂದ ಒರೆಸುತ್ತಾರೆ. ವಿಮಾನದಲ್ಲಿ ಊಟದ ತಟ್ಟೆಯನ್ನು ಒರೆಸಿ, ಪಕ್ಕದವನ ತಟ್ಟೆಯನ್ನೂ ಒರೆಸಿಕೊಟ್ಟರು.

ಮಸ್ಕತ್ತಿನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದರು. ಹಿತ್ತಾಳೆಯ ಸಣ್ಣ ಬ್ರಷ್ಷು, ಬಟ್ಟೆ, ಮತ್ತೆ ಪ್ಲಂಬರ್‌ಗಳು ಪೈಪಿನೊಳಗೆ ಇಳಿಸಿ ನೋಡುವ ತಂತಿಯ ಕ್ಯಾಮೆರಾ. ಅಧಿಕಾರಿ ತಂತಿಯನ್ನು ಎತ್ತಿ ಹಿಡಿದು ಇದೇನು ಎಂದ. ಪೈಪಿಗೆ ಎಂದು ನಾನು ಹೇಳಿ ಮುಗಿಸುವ ಮೊದಲೇ ಭಾವ ಮುಂದೆ ಬಾಗಿ, ಸಹಾಯ ಮಾಡುವ ಮುಖ ಮಾಡಿ, "ಬಂದೂಕ್, ಸಾಹೇಬ್, ಬಂದೂಕ್" ಎಂದರು. ಆ ಪದವನ್ನು ನಾವು ಪಡೆದದ್ದೇ ಅವರ ಕಡೆಯಿಂದ. ಅನುವಾದ ಬೇಕಾಗಲಿಲ್ಲ. ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿ, ಖರ್ಜೂರ ಕೊಟ್ಟು, ಪ್ರಶ್ನೆ ಕೇಳಿದರು. ಖಲ್ಫಾನರ ಹಿರಿಯ ಮಗ ಸಾಲಿಂ ಬಂದು ವಿವರಿಸುವವರೆಗೆ ಬಿಡಲಿಲ್ಲ. ಅವರು ಆ ಕ್ಯಾಮೆರಾ ಹಿಂದಕ್ಕೆ ಕೊಡದಿದ್ದರೆ ಈ ಕಥೆಯಲ್ಲಿ ಒಂದು ಹೆಣ ಇರುತ್ತಿತ್ತು, ಆದ್ದರಿಂದ ಆ ಅಧಿಕಾರಿಯ ಮೇಲೆ ನನಗೆ ದೂರಿಲ್ಲ.

ಸಾಲಿಂ ಸರ್ಕಾರಿ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿರುವವನು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಕೋವಿ ರಿಪೇರಿಯವರು ನೀವೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ರಿಪೇರಿ ಅಲ್ಲ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಇಂಥವರು ನಮ್ಮ ಠಾಣೆ ನಗರದಲ್ಲೂ ಇದ್ದಾರೆ, ಬೆಲೆ ಕೇಳುವ ಮೊದಲೇ ದುಬಾರಿ ಎನ್ನುವವರು.

ರಸ್ತೆಗಳ ಬಗ್ಗೆ ಹೇಳಲೇಬೇಕು. ಯಾರೂ ಹಾರ್ನ್ ಹೊಡೆಯುವುದಿಲ್ಲ. ಮಾಜಿವಾಡಾ ಜಂಕ್ಷನ್ನಿನಲ್ಲಿ ಬೆಳಿಗ್ಗೆ ಒಂದು ನಿಮಿಷ ನಿಂತವನಿಗೆ ಆ ನಿಶ್ಶಬ್ದ ಕಿವಿಯಲ್ಲಿ ಗುಂಯ್‌ಗುಡುತ್ತದೆ. ಊಟಕ್ಕೆ ಇಳಿದು ರಸ್ತೆ ದಾಟುವಾಗ ಒಂದು ಕಾರು ನಮಗಾಗಿ ನಿಂತಿತು. ಭಾವ ನಂಬಲಿಲ್ಲ. "ನೀ ಹೋಗಪ್ಪ" ಎಂದು ಕೈಬೀಸಿದರು. ಚಾಲಕ ನೀವು ಹೋಗಿ ಎಂದು ಕೈಬೀಸಿದ. ಇಬ್ಬರೂ ಹಟ ಹಿಡಿದು ನಿಂತರು, ಕಾರಿನ ಹಿಂದೆ ಸಾಲು ಬೆಳೆಯಿತು, ಆದರೂ ಒಬ್ಬನೂ ಬೈಯಲಿಲ್ಲ. ಕೊನೆಗೆ ನಾನೇ ಭಾವನ ತೋಳು ಹಿಡಿದು ಎಳೆದುಕೊಂಡು ದಾಟಿದೆ.

"ಇವರಿಗೆ ಕೆಲಸ ಇಲ್ವಾ ಮಾರಾಯ?" ಎಂದರು ಭಾವ.

ನಿಜ್ವಾದಾಚೆಯ ಹಳ್ಳಿ

ದಾರಿಯಲ್ಲಿ ಸಿಗುವ ನಿಜ್ವಾ ಎಂಬ ಹಳೆಯ ಪಟ್ಟಣದಲ್ಲಿ ಕೋಟೆಯ ಪಕ್ಕ ಹಳೆಯ ಕೋವಿಗಳನ್ನು ಮಾರುವ ಅಂಗಡಿ ಸಾಲು ಇದೆ. ಕಾರು ನಿಲ್ಲಿಸು ಎಂದೆ. ತಡವಾಗುತ್ತದೆ ಎಂದ ಸಾಲಿಂ. ಕಿಟಕಿಯಿಂದಲೇ ಗೋಡೆಗೆ ಒರಗಿಸಿಟ್ಟ ಉದ್ದ ನಳಿಗೆಗಳು ಹಾದುಹೋದವು. ತಿರುಪತಿಗೆ ಹೋಗಿ ಬಾಗಿಲಿನಿಂದ ವಾಪಸು ಬಂದ ಹಾಗಾಯಿತು. ಅದೂ ಲೆಕ್ಕಕ್ಕೆ ಸೇರಲಿ.

ಖಲ್ಫಾನರ ಹಳ್ಳಿ ಬೋಳು ಗುಡ್ಡದ ಬುಡದಲ್ಲಿ, ಖರ್ಜೂರದ ಮರಗಳ ನಡುವೆ ಇದೆ. ಕಾಲುವೆಯ ನೀರು ಮನೆಗಳ ಮುಂದೆಯೇ ಹರಿಯುತ್ತದೆ, ಸರದಿಯ ಪ್ರಕಾರ ಒಬ್ಬೊಬ್ಬರ ತೋಟಕ್ಕೆ ತಿರುಗುತ್ತದೆ. ಅದಕ್ಕಾಗಿ ಜಗಳ ಕೇಳಲಿಲ್ಲ. ನಮ್ಮ ಸೊಸೈಟಿಯಲ್ಲಿ ಟ್ಯಾಂಕರ್ ಬಂದ ದಿನ ನೆನಪಾಯಿತು.

ಖಲ್ಫಾನ್ ಬಾಗಿಲಲ್ಲೇ ನಿಂತಿದ್ದರು. ಕ್ಷೇಮ ಕೇಳುವುದು ಅಲ್ಲಿ ಒಂದು ಮಾತಲ್ಲ, ಒಂದು ಅಧ್ಯಾಯ. ನೀನು ಹೇಗಿದ್ದೀಯ, ಮನೆ ಹೇಗಿದೆ, ದಾರಿ ಹೇಗಿತ್ತು, ಸುದ್ದಿ ಏನು ಎಂದು ಸುತ್ತಿ ಸುತ್ತಿ ಕೇಳುತ್ತಾರೆ, ಉತ್ತರ ಒಂದೇ: ದೇವರ ದಯೆ. ಒಳಗೆ ಕೂತ ಕೂಡಲೇ ಭಾವ ಒಂದು ಹಳೆಯ ಹಿತ್ತಾಳೆಯ ಕಾಫಿ ಹೂಜಿಯನ್ನು ನೋಡಿ, "ಎಷ್ಟು ಚಂದ ಉಂಟಲ್ಲ, ಕೊಕ್ಕು ನೋಡು" ಎಂದು ಹಿಂದಿಯಲ್ಲೂ ಹೇಳಿದರು. ಖಲ್ಫಾನ್ ಎದ್ದು, ಅದನ್ನು ಬಟ್ಟೆಯಲ್ಲಿ ಸುತ್ತಿ, ಭಾವನ ಮಡಿಲಲ್ಲಿ ಇಟ್ಟರು. ಬೇಡವೆಂದರೆ ಕೇಳಲಿಲ್ಲ.

ಸಾಲಿಂ ನನ್ನ ಕಿವಿಯಲ್ಲಿ, "ಅಪ್ಪನ ಮುಂದೆ ಯಾವುದನ್ನೂ ಹೊಗಳಬೇಡಿ. ಕೇಳಿದವರಿಗಂತೂ ಇಲ್ಲ ಅನ್ನುವುದೇ ಇಲ್ಲ. ಹೀಗೇ ಒಂದು ಗಡಿಯಾರ ಹೋಯಿತು, ಒಂದು ಒಳ್ಳೆಯ ಮೇಕೆ ಹೋಯಿತು" ಎಂದ. ನಗಲಿಲ್ಲ.

ಸಂಜೆಗೆ ಕೋವಿ ತಂದರು. ನನ್ನಷ್ಟು ಎತ್ತರ. ಹಿಡಿಕೆಯ ಮರ ಸೀಳಿದ್ದರೂ ಜೀವಂತ. ನಳಿಗೆ ಮಾತ್ರ ಕೆಂಪು ಮಣ್ಣಿನ ಗೋಡೆಯ ಹಾಗೆ ಪದರು ಪದರು. ನೀವೂ ಕಲಿತುಕೊಳ್ಳಿ, ಮೊದಲು ನೋಡಬೇಕಾದ್ದು ಒಳಗೆ ಹಳೆಯ ಮದ್ದು ಇದೆಯೇ ಎಂದು. ಒಂದು ಕೋಲನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಬಳಿ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಿರಿ. ಬುಡದಲ್ಲಿ ಬೆಂಕಿ ತಾಗುವ ತೂತಿನವರೆಗೆ ಕೋಲು ಮುಟ್ಟಿದ್ದರೆ ಖಾಲಿ. ಗೇಣು ಮೊದಲೇ ನಿಂತಿದ್ದರೆ ಕೋವಿಯನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ನಡೆಯಿರಿ. ಇದು ಖಾಲಿ ಇತ್ತು.

ಆಮೇಲೆ ಕ್ಯಾಮೆರಾ ಇಳಿಸಿದೆ. ಖಲ್ಫಾನ್ ನನ್ನ ಮೊಬೈಲಿನ ಪರದೆಯ ಮೇಲೆ ಬಾಗಿದರು. ನಳಿಗೆಯ ಬುಡದ ಹತ್ತಿರ ಒಳಗೋಡೆ ಇಲಿ ಕಡಿದ ಕೊಬ್ಬರಿಯಂತಿತ್ತು. ಒಂದು ಕಡೆ ಗುಂಡಿ ಎಷ್ಟು ಆಳವೆಂದರೆ ಬೆಳಕು ಅದರ ತಳ ಮುಟ್ಟುತ್ತಿರಲಿಲ್ಲ.

"ಇದು ಇನ್ನು ಹಾರುವುದಿಲ್ಲ," ಎಂದೆ. "ಹಾರಿಸಿದರೆ ಹಾರಿಸಿದವನ ಮುಖ ಹೋಗುತ್ತದೆ. ತುಕ್ಕು ಇನ್ನು ಬೆಳೆಯದ ಹಾಗೆ ಮಾಡಿಕೊಡುತ್ತೇನೆ. ಗೋಡೆಗೆ ಹಾಕಿ, ಮೊಮ್ಮಕ್ಕಳಿಗೆ ತೋರಿಸಿ."

ಅವರು ತಲೆಯಾಡಿಸಿದರು. ಹೆಬ್ಬೆರಳಿನಿಂದ ನಳಿಗೆಯ ಮೇಲೆ ಹುಡುಕಿ, ತಂದೆಯ ಹೆಸರನ್ನು ಮುಟ್ಟಿಸಿದರು. ನನ್ನ ಬೆರಳಿಗೂ ಸಿಕ್ಕಿತು, ಒರಟು ತೊಗಟೆಯ ಮೇಲೆ ಇರುವೆ ಸಾಲಿನ ಹಾಗೆ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಹಿತ್ತಲಿನ ಜಗಲಿಯ ನೆರಳಿನಲ್ಲಿ ಮಲಗಿಸಿದೆ. ಯಾರೂ ಮುಟ್ಟಬಾರದು ಎಂದು ಎಲ್ಲರಿಗೂ ಹಿಂದಿಯಲ್ಲಿ ಹೇಳಿದೆ. ಭಾವನಿಗೆ ಕನ್ನಡದಲ್ಲಿ ಬೇರೆಯಾಗಿ ಹೇಳಲಿಲ್ಲ. ಅವರಿಗೆ ಹಿಂದಿ ಚೆನ್ನಾಗಿಯೇ ಬರುತ್ತದೆ.

ಕಾಫಿಯ ದಿನ

ಮರುದಿನ ಊರಿನ ಹಿರಿಯರು ಒಬ್ಬೊಬ್ಬರಾಗಿ ಬಂದರು. ನೆಲದ ಮೇಲೆ ಗೋಡೆಗೆ ಒರಗಿ ಕೂತೆವು. ಏಲಕ್ಕಿಯ ಕಹಿ ಕಾಫಿಯನ್ನು ಹಿಡಿಗಾತ್ರದ ಬಟ್ಟಲಲ್ಲಿ ತಳ ಮುಚ್ಚುವಷ್ಟು ಹಾಕುತ್ತಾರೆ. ಕುಡಿದ ಕೂಡಲೇ ಮತ್ತೆ ಹಾಕುತ್ತಾರೆ. ಬೇಡ ಎಂದೆ, ನಕ್ಕು ಹಾಕಿದರು. ಸಾಕು ಎಂದೆ, ಹಾಕಿದರು. ಬಟ್ಟಲಲ್ಲಿ ಕಾಫಿ ಬಿಟ್ಟು ಏಳುವುದು ಮರ್ಯಾದೆಯಲ್ಲವೆಂದು ನಾನು ಕುಡಿಯುತ್ತಲೇ ಹೋದೆ. ಬಟ್ಟಲನ್ನು ಎರಡು ಸಲ ಅಲ್ಲಾಡಿಸಿದರೆ ಸಾಕೆಂದು ಅರ್ಥವಂತೆ. ಅದನ್ನು ಮೊದಲೇ ಹೇಳುವುದಕ್ಕೆ ಯಾರಿಗೆ ಏನು ತೊಂದರೆಯಿತ್ತೋ ತಿಳಿಯದು. ನಿಮಗೆ ನಾನು ಹೇಳುತ್ತಿದ್ದೇನೆ: ಅಲ್ಲಾಡಿಸಿ, ಎದ್ದು ಹೋಗಿ, ನಿಮ್ಮ ಸಾಮಾನು ನೋಡಿಕೊಳ್ಳಿ.

ಯಾಕೆಂದರೆ ಅದು ಆಯುಧ ಪೂಜೆಯ ದಿನ. ನನಗೆ ಮರೆತೇಹೋಗಿತ್ತು. ಭಾವನಿಗೆ ಮರೆತಿರಲಿಲ್ಲ. ಕಲ್ಯಾಣದ ಅವರ ಹೋಟೆಲಿನಲ್ಲಿ ಆ ದಿನ ಸೌಟು, ಜಾಲರಿ, ರುಬ್ಬುವ ಯಂತ್ರ, ತರಕಾರಿ ಚಾಕು ಎಲ್ಲವನ್ನೂ ಹುಣಸೆಹುಳಿ ಹಾಕಿ ತಿಕ್ಕಿ, ತೊಳೆದು, ಬಿಸಿಲಲ್ಲಿ ಸಾಲಾಗಿ ಇಡುತ್ತಾರೆ. ಹೋಟೆಲು ಇಟ್ಟಾಗಿನಿಂದ ತಪ್ಪಿಸಿದವರಲ್ಲ.

ಬಟ್ಟಲು ಅಲ್ಲಾಡಿಸುವುದು ತಿಳಿದು ನಾನು ಹಿತ್ತಲಿಗೆ ಬಂದಾಗ ಭಾವ ಪಂಚೆ ಎತ್ತಿಕಟ್ಟಿ ನಲ್ಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಅಡುಗೆಮನೆಯಿಂದ ಕೇಳಿ ತಂದ ಹುಣಸೆಹುಳಿ, ತೋಟದ ಮರಳು, ಪಾತ್ರೆ ಉಜ್ಜುವ ಸ್ಟೀಲಿನ ನಾರು. ಕೋವಿ ಬಿಸಿಲಿನಲ್ಲಿ ಗೋಡೆಗೆ ಒರಗಿ ಬೆಳ್ಳಗೆ ಹೊಳೆಯುತ್ತಿತ್ತು.

ಹತ್ತಿರ ಹೋಗಿ ನಳಿಗೆಯನ್ನು ನೋಡಿದೆ, ಭಾವನನ್ನು ನೋಡಿದೆ.

"ಎಂತ ಹಾಗೆ ನೋಡ್ತಿ?" ಎಂದರು ಭಾವ. "ಆಯುಧ ಪೂಜೆ ದಿವ್ಸ ಮನೆಯೊಳಗೆ ಆಯುಧ ಇಟ್ಕೊಂಡು ಅಷ್ಟು ಕೊಳಕು ಬಿಟ್ರೆ ಹೇಗೆ? ನಾವು ಒಂದು ಸೌಟನ್ನು ಸಹ ಬಿಡುದಿಲ್ಲ. ಕುಂಕುಮ ಹಚ್ಚಲಿಲ್ಲ ಮಾರಾಯ. ಅವರ ಮನೆ ಅಲ್ವಾ, ನಂಗೂ ಅಷ್ಟು ತಿಳೀತದೆ."

"ಭಾವ, ಅದು ಸೌಟಲ್ಲ."

"ಸೌಟಿಗಿಂತ ಕಷ್ಟ ಆಯ್ತು. ಎಂತ ತುಕ್ಕು ಅದು. ಕೈ ನೋಡು."

"ಮುಟ್ಟಬೇಡಿ ಅಂತ ನಾನು ಹೇಳಿದ್ದು ಯಾರಿಗೆ? ಗೋಡೆಗಾ?"

"ಅದು ಅವರಿಗೆ ಹೇಳಿದ್ದಲ್ವಾ. ನಾನು ಮನೆಯವ."

ಹುಣಸೆಹುಳಿ ತುಕ್ಕನ್ನಷ್ಟೇ ತಿನ್ನುವುದಿಲ್ಲ, ಕಬ್ಬಿಣವನ್ನೂ ತಿನ್ನುತ್ತದೆ. ಮರಳು ಉಳಿದದ್ದನ್ನು ಒಯ್ಯುತ್ತದೆ. ಎಷ್ಟು ತುಕ್ಕು ಹೋಯಿತೋ ಅಷ್ಟು ನಳಿಗೆ ತೆಳುವಾಯಿತು. ಇದನ್ನೆಲ್ಲ ಬೊಬ್ಬೆ ಹಾಕಿ ಹೇಳಿದೆ. ಬೊಬ್ಬೆ ಕೇಳಿ ಮನೆಯವರೆಲ್ಲ ಬಂದರು. ಬಂದವರು ಕೋವಿಯನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕೈ ಕುಲುಕತೊಡಗಿದರು. ಇಂಡಿಯಾದ ಉಸ್ತಾದ್ ಒಂದೇ ದಿನದಲ್ಲಿ ಹೊಸದು ಮಾಡಿದ್ದಾನೆ ಎಂದು ಊರೆಲ್ಲ ಸುದ್ದಿ. ನನ್ನ ಜೀವಮಾನದಲ್ಲಿ ಸಿಕ್ಕ ಅತಿ ದೊಡ್ಡ ಹೊಗಳಿಕೆ ನಾನು ಮಾಡದ ಹಾಳಿಗೆ ಸಿಕ್ಕಿತು.

ಖಲ್ಫಾನ್ ಕೋಲೂರಿಕೊಂಡು ಕೊನೆಗೆ ಬಂದರು. ಹೆಬ್ಬೆರಳನ್ನು ನಳಿಗೆಯ ಮೇಲೆ ಇಟ್ಟು ಮೆಲ್ಲಗೆ ಎಳೆದರು. ಹಿಂದಕ್ಕೆ ತಂದರು. ಇನ್ನೊಮ್ಮೆ ಎಳೆದರು. ಅಲ್ಲಿ ಈಗ ನುಣುಪು ಬಿಟ್ಟು ಏನೂ ಇರಲಿಲ್ಲ.

"ಚೆನ್ನಾಗಿದೆ," ಎಂದರು ಭಾವನಿಗೆ. "ಬಹಳ ಕಷ್ಟಪಟ್ಟಿರಿ. ಕೈ ತೊಳೆದುಕೊಳ್ಳಿ, ಊಟ ಮಾಡೋಣ."

ಅತಿಥಿಯನ್ನು ಆಕ್ಷೇಪಿಸುವುದು ಅವರಲ್ಲಿಲ್ಲ. ಅವರು ಬೈದಿದ್ದರೆ ನನ್ನ ಸಿಟ್ಟು ಅಲ್ಲಿಗೇ ಅರ್ಧ ಇಳಿಯುತ್ತಿತ್ತು. ಬೈಯಲಿಲ್ಲ. ಭಾವನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿದರು.

ಮದುವೆಯ ದಿನ

ಬೆಳಿಗ್ಗೆ ಅಂಗಳದಲ್ಲಿ ಕಾರುಗಳ ಸಾಲು. ವರ ಹಮದ್ ಹೊಸ ನಿಲುವಂಗಿಯಲ್ಲಿ, ಸೊಂಟದಲ್ಲಿ ಬೆಳ್ಳಿಯ ಬಾಕು ಸಿಕ್ಕಿಸಿಕೊಂಡು ನಿಂತಿದ್ದ. ಸಾಲಿಂ ಕೋವಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದು ಸಣ್ಣ ಚರ್ಮದ ಚೀಲ ಹಿಡಿದು ಬಂದ. ಅದರಲ್ಲಿ ಮದ್ದು.

"ಯಾಕೆ?" ಎಂದೆ.

"ಹಾರಿಸುತ್ತೇನೆ. ಎಲ್ಲರಿಗೂ ಹೇಳಿಯಾಗಿದೆ. ಅಜ್ಜನ ಕೋವಿ ರಿಪೇರಿಯಾಗಿದೆ ಅಂತ ನಿಜ್ವಾದಿಂದ ಜನ ಬಂದಿದ್ದಾರೆ."

ಮೊಬೈಲು ತೆಗೆದು ನಳಿಗೆಯ ಒಳಗಿನ ಚಿತ್ರ ತೋರಿಸಿದೆ. ಅವನು ಕಣ್ಣಾಡಿಸಿ, "ಇದು ತುಕ್ಕಿದ್ದಾಗಿನದು. ಈಗ ತುಕ್ಕೆಲ್ಲಿದೆ?" ಎಂದ. ತುಕ್ಕಿಲ್ಲದ್ದಕ್ಕೇ ಅಪಾಯ ಹೆಚ್ಚು ಎಂದೆ. ಗುಂಡು ಹಾಕುವುದಿಲ್ಲ, ಬರಿ ಮದ್ದು ಎಂದ. ಮುಖ ಸೀಳುವುದಕ್ಕೆ ಬರಿ ಮದ್ದು ಸಾಕು ಎಂದೆ. "ನೀವು ಕೆಲಸ ಮಾಡಿ, ಈಗ ಹೊಣೆ ತೆಗೆದುಕೊಳ್ಳಲು ಹೆದರುತ್ತೀರಿ. ಇಂಡಿಯಾದವರೆಲ್ಲ ಹೀಗೇ" ಎಂದ. ಮುಷ್ಟಿ ಬಿಗಿಯಿತು. ಸಂಬಂಧವಿಲ್ಲದ ಊರಿನಲ್ಲಿ ಮುಷ್ಟಿ ಎತ್ತಬಾರದು, ಆದ್ದರಿಂದ ಖಲ್ಫಾನರ ಬಳಿ ಹೋದೆ.

"ನೀವೇ ಕಣ್ಣಾರೆ ನೋಡಿದ್ದೀರಿ. ಬೇಡ ಅನ್ನಿ."

ಅವರು ಕೋವಿಯ ಕಡೆ ನೋಡಿದರು. ಬಿಸಿಲಿಗೆ ಅದು ಬೆಳ್ಳಿಯ ಹಾಗಿತ್ತು. ಮುದುಕರ ಕಣ್ಣಿನಲ್ಲಿ ಆಸೆ ಬಂದರೆ ನನಗೆ ತಕ್ಷಣ ಗೊತ್ತಾಗುತ್ತದೆ, ಅದನ್ನು ನೋಡಿಯೇ ನಾನು ಅಂಗಡಿ ನಡೆಸಿದವನು.

"ನೋಡಿದ್ದೆ, ವಿಠಲ್ ಭಾಯಿ. ಆದರೆ ಅವತ್ತು ನೋಡಿದ ಕೋವಿ ಇದಲ್ಲ ಅನ್ನಿಸುತ್ತದೆ. ಒಂದೇ ಒಂದು ಸಲ. ಆ ಸದ್ದು ಕೇಳಿ ಬಹಳ ವರ್ಷವಾಯಿತು."

ಸಾಲಿಂ ಆಗಲೇ ಚೀಲದ ದಾರ ಬಿಚ್ಚುತ್ತಿದ್ದ. ವಾದದಿಂದ ಆಗುವುದಿಲ್ಲ ಎಂದು ತಿಳಿಯಿತು. ವಾದ ಸೋತಲ್ಲಿ ಚೌಕಾಸಿ ಮಾಡಬೇಕು, ಚೌಕಾಸಿಗೆ ಜಾಗವಿಲ್ಲದಿದ್ದರೆ ಎದುರಿನವನ ಮರ್ಯಾದೆಯನ್ನೇ ಹಿಡಿಯಬೇಕು. ಇದು ಒಳ್ಳೆಯ ಬುದ್ಧಿಯಲ್ಲ, ಅನುಸರಿಸಿ ಎಂದು ನಾನು ಹೇಳುವುದಿಲ್ಲ. ನಾನು ಅಂಗಳದ ನಡುವೆ, ನಿಜ್ವಾದ ಅತಿಥಿಗಳೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದೆ:

"ಖಲ್ಫಾನ್ ಸಾಹೇಬರೇ, ಈ ಕೋವಿ ನನಗೆ ಬಹಳ ಇಷ್ಟವಾಗಿದೆ. ನನಗೆ ಕೊಡಿ."

ಸಾಲಿಂ ಕೈಯಲ್ಲಿ ದಾರ ಹಾಗೇ ಉಳಿಯಿತು. ಖಲ್ಫಾನ್ ನನ್ನ ಮುಖವನ್ನು ನೋಡಿದರು. ನಾನು ಬೇರೆ ಕಡೆ ನೋಡಲಿಲ್ಲ. ಅವರು ಎದ್ದು, ಮಗನ ಕೈಯಿಂದ ಕೋವಿಯನ್ನು ತೆಗೆದುಕೊಂಡು, ಎರಡೂ ಕೈಯಲ್ಲಿ ನನಗೆ ಕೊಟ್ಟರು.

"ನಿನ್ನದು," ಎಂದರು.

"ಅದಕ್ಕೇ ಬಂದಿದ್ದ," ಎಂದ ಸಾಲಿಂ, ಇಂಗ್ಲಿಷಿನಲ್ಲಿ, ನನಗೆ ತಿಳಿಯಲಿ ಎಂದೇ.

"ನನ್ನ ಕೋವಿ ಇವತ್ತು ಹಾರುವುದಿಲ್ಲ," ಎಂದೆ. ಕಾರಣ ಹೇಳಲಿಲ್ಲ. ಹೇಳಿದ್ದರೆ ಮತ್ತೆ ವಾದ, ಮತ್ತೆ ಮದ್ದು. ಕೈ ಕುಲುಕಿದ್ದ ಜನ ಈಗ ನನ್ನ ಸುತ್ತ ಜಾಗ ಬಿಟ್ಟು ನಡೆದರು. ಭಾವ ಪಕ್ಕಕ್ಕೆ ಬಂದು, "ಎಂತ ನಾಚಿಕೆಗೇಡು ಮಾರಾಯ. ಊಟಕ್ಕೆ ಕರೆದವರ ಮನೆಯ ಆಯುಧ ಕೇಳ್ತಿಯಾ? ಹೂಜಿ ಕೊಟ್ಟದ್ದಕ್ಕೇ ನಂಗೆ ನಿದ್ದೆ ಬರಲಿಲ್ಲ" ಎಂದರು. ಇಂಥ ಮಾತನ್ನು ಇಂಥವರ ಬಾಯಿಂದ ಕೇಳಿ ಸುಮ್ಮನಿದ್ದೆ. ನನ್ನ ಸಹನೆಗೆ ಸಾಕ್ಷಿ ಬೇಕಾದರೆ ಇದೊಂದು ಸಾಕು.

ಕೋವಿಯ ಸದ್ದಿಲ್ಲದೆ ಹೊರಡುವುದು ಹೇಗೆಂದು ಸ್ವಲ್ಪ ಹೊತ್ತು ಯಾರಿಗೂ ತೋಚಲಿಲ್ಲ. ಕೊನೆಗೆ ಹಮದ್ ತಾನೇ ಕಾರು ಹತ್ತಿ ಹಾರ್ನ್ ಒತ್ತಿದ. ಆ ದೇಶದಲ್ಲಿ ನಾನು ಕೇಳಿದ ಹಾರ್ನ್ ಅದೊಂದೇ. ಉಳಿದ ಕಾರುಗಳು ಅದರ ಹಿಂದೆ ಹೋದವು. ನಮ್ಮನ್ನು ಯಾರೂ ಕರೆಯಲಿಲ್ಲ.

ಮಧ್ಯಾಹ್ನದ ಜಗಲಿ

ಅವರು ಮರಳಿ ಬರುವವರೆಗೆ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದೆ. ಇದನ್ನು ನಾನು ಡೊಂಬಿವಲಿಗೆ ತರಲಾರೆ. ಯಾವ ದೇಶದ ಕಾನೂನೂ ಬಿಡುವುದಿಲ್ಲ, ಬಿಡಲೂಬಾರದು. ಖಲ್ಫಾನ್ ಬಂದ ಕೂಡಲೇ ಸಾಲಿಂನನ್ನೂ ಕರೆಸಿ ಎಂದೆ. ಒಂದು ಸುತ್ತಿಗೆ, ಒಂದು ತೆಳು ಮೊಳೆ ಕೇಳಿದೆ. ಸಾಲಿಂ ಬೇಸರದಿಂದಲೇ ತಂದುಕೊಟ್ಟ.

ಹಳೆಯ ಕೋವಿಗೆ ನಾನು ಎಂದೂ ಸುತ್ತಿಗೆ ತಾಗಿಸಿದವನಲ್ಲ. ಕ್ಯಾಮೆರಾದಲ್ಲಿ ಕಂಡ ಆ ಆಳದ ಗುಂಡಿ ಹೊರಗಿನಿಂದ ಎಲ್ಲಿ ಬರುತ್ತದೆಂದು ಲೆಕ್ಕ ಹಾಕಿ, ಮೊಳೆಯ ಮೊನೆ ಇಟ್ಟು, ಮೆಲ್ಲಗೆ ಕುಟ್ಟಿದೆ. ಕಬ್ಬಿಣಕ್ಕೆ ಹೊಡೆದ ಸದ್ದು ಬರಲಿಲ್ಲ. ಸುಟ್ಟ ಹಪ್ಪಳಕ್ಕೆ ಬೆರಳು ಚುಚ್ಚಿದ ಹಾಗೆ ಮೊಳೆ ಒಳಗೆ ಹೋಯಿತು.

ಕೋವಿಯನ್ನು ಸಾಲಿಂ ಕೈಗೆ ಕೊಟ್ಟೆ. "ಹಾರಿಸುವ ಹಾಗೆ ಹಿಡಿ."

ಅವನು ಅಪ್ಪನನ್ನು ನೋಡಿದ. ಆಮೇಲೆ ಹಿಡಿಕೆಯನ್ನು ಭುಜಕ್ಕೆ ಒತ್ತಿ, ಕೆನ್ನೆ ತಾಗಿಸಿದ. ಮೊಳೆಯ ತಲೆ ಅವನ ಬಲಗಣ್ಣಿನಿಂದ ಒಂದು ಗೇಣಿನೊಳಗಿತ್ತು. ಕಣ್ಣು ಮಿಟುಕಿಸದೆ ಅದನ್ನೇ ನೋಡಿದ. ಬಹಳ ಹೊತ್ತಾದರೂ ಕೆಳಗಿಳಿಸಲಿಲ್ಲ. ಕೊನೆಗೆ ಖಲ್ಫಾನರೇ ಅವನ ಕೈಯಿಂದ ಬಿಡಿಸಿಕೊಂಡರು.

"ನಾಳೆ ನಿಮ್ಮ ವಿಮಾನ ಎಷ್ಟು ಹೊತ್ತಿಗೆ?" ಎಂದ ಸಾಲಿಂ. "ನಿಜ್ವಾದಲ್ಲಿ ಕೋವಿ ಸಾಲಿನ ಹತ್ತಿರ ನಿಲ್ಲಿಸುತ್ತೇನೆ."

ನಾನು ಖಲ್ಫಾನರಿಗೆ, "ಇನ್ನು ಇದು ಯಾರನ್ನೂ ಕೊಲ್ಲುವುದಿಲ್ಲ. ವಾಪಸು ಇಟ್ಟುಕೊಳ್ಳಿ" ಎಂದೆ. ಅವರು ಒಪ್ಪಲಿಲ್ಲ.

"ಕೊಟ್ಟದ್ದು ಕೊಟ್ಟಾಯಿತು. ಕೋವಿ ನಿನ್ನದು. ನಿನ್ನ ಮನೆ ದೂರ, ಅದಕ್ಕೆ ಇಲ್ಲಿರುತ್ತದೆ. ಎಣ್ಣೆ ಕುಡಿಸುವುದಕ್ಕೆ ವರ್ಷಕ್ಕೊಮ್ಮೆ ನೀನು ಬರಬೇಕು."

"ಬರುತ್ತೇನೆ. ಭಾವನನ್ನು ಬಿಟ್ಟು."

ಖಲ್ಫಾನ್ ನಲ್ಲಿಯ ಕಡೆ ನೋಡಿದರು. ಮದುವೆ ಊಟದ ತಟ್ಟೆಗಳ ರಾಶಿಯ ಮುಂದೆ ಭಾವ ಪಂಚೆ ಎತ್ತಿಕಟ್ಟಿ ಕೂತಿದ್ದರು. ಯಾರೂ ಹೇಳಿರಲಿಲ್ಲ. ತೊಳೆದ ಒಂದೊಂದು ತಟ್ಟೆಯನ್ನೂ ಬಿಸಿಲಿಗೆ ಹಿಡಿದು ನೋಡಿ, ಒರೆಸಿ, ಪಕ್ಕಕ್ಕೆ ಇಡುತ್ತಿದ್ದರು.

"ಅವರನ್ನೂ ಕರೆದುಕೊಂಡು ಬಾ," ಎಂದರು ಖಲ್ಫಾನ್, ಭಾವನಿಗೂ ಕೇಳುವಷ್ಟು ಗಟ್ಟಿಯಾಗಿ, ನಗುತ್ತಲೇ. "ನಮ್ಮ ಮನೆಯಲ್ಲಿ ಪಾತ್ರೆಗಳು ಬಹಳ ಇವೆ. ಅವುಗಳ ಮೇಲೆ ಯಾರ ಹೆಸರೂ ಇಲ್ಲ."

ಭಾವ ಕೈಯಲ್ಲಿದ್ದ ತಟ್ಟೆಯನ್ನು ಒರೆಸದೆ ಕೆಳಗಿಟ್ಟರು.